ಟೆರಿಯರ್‌ಗೊಂದು ಮನೆ: ದಾವಣಗೆರೆಯಲ್ಲಿ ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ದಾವಣಗೆರೆಯ ಐದು ಮನೆಯವರು. ಯಾರೋ ಬಿಟ್ಟುಹೋದ, ದಾರಿ ತಪ್ಪಿದ, ಸಾಕಲಾಗದೆ ತಂದೊಪ್ಪಿಸಿದ ಟೆರಿಯರ್ ನಾಯಿಗಳನ್ನು ನಮ್ಮ ಮನೆಗಳಲ್ಲೇ ಇಟ್ಟುಕೊಳ್ಳುತ್ತೇವೆ. ಔಷಧಿ, ಊಟ ನೋಡಿ, ಚೇತರಿಸಿಕೊಂಡ ಮೇಲೆ ಅವಕ್ಕೆ ಹೊಂದುವ ಮನೆ ಹುಡುಕುತ್ತೇವೆ. ನಮಗೆ ಶೆಡ್ಡೂ ಇಲ್ಲ, ಆಫೀಸೂ ಇಲ್ಲ. ಫೋನ್ ಮಾಡುವವರ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಒಂದೇ. ಅವನ್ನೆಲ್ಲ ಇಲ್ಲಿ ಸೇರಿಸಿ ಬರೆದಿದ್ದೇನೆ. ನಾಯಿ ಬೇಕು ಅನ್ನುವ ಮೊದಲು ದಯವಿಟ್ಟು ಪೂರ್ತಿ ಓದಿ.

ಟೆರಿಯರ್ ಅಂದ್ರೆ ಯಾವ ನಾಯಿ?

ಅದು ಒಂದು ತಳಿಯ ಹೆಸರಲ್ಲ, ಒಂದು ದೊಡ್ಡ ಬಳಗದ ಹೆಸರು. ಲ್ಯಾಟಿನ್‌ನಲ್ಲಿ ‘ಟೆರ್ರಾ’ ಅಂದರೆ ಮಣ್ಣು, ನೆಲ. ನರಿ, ಇಲಿ, ಹೆಗ್ಗಣಗಳ ಬೆನ್ನುಹತ್ತಿ ಬಿಲದೊಳಗೇ ನುಗ್ಗುತ್ತಿದ್ದ ನಾಯಿಗಳಿಗೆ ಆ ಹೆಸರು ಬಂತು. ಹೆಚ್ಚಿನವು ಬ್ರಿಟನ್ನಿನ ತಳಿಗಳು. ಜ್ಯಾಕ್ ರಸೆಲ್ ನಾಯಿಗೆ 19ನೇ ಶತಮಾನದ ಪಾದ್ರಿಯೊಬ್ಬರ ಹೆಸರು. ಇಂಗ್ಲೆಂಡಿನ ಡೆವನ್ ಸೀಮೆಯ ಜಾನ್ ರಸೆಲ್ ನರಿ ಬೇಟೆಗೆಂದು ಬೆಳೆಸಿದ ಸಂತತಿ ಅದು. ಯಾರ್ಕ್‌ಶೈರ್ ಟೆರಿಯರ್, ಅಂದರೆ ನಾವೆಲ್ಲ ಕರೆಯುವ ಯಾರ್ಕಿ, ಬಟ್ಟೆ ಗಿರಣಿಗಳಲ್ಲಿ ಇಲಿ ಹಿಡಿಯುತ್ತಿತ್ತು. ಮ್ಯಾಂಚೆಸ್ಟರ್ ಟೆರಿಯರ್ ಅಂತಲೇ ಒಂದು ತಳಿ ಇದೆ. ಹತ್ತಿ ಗಿರಣಿಗಳ ಕಾಲದಲ್ಲಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡ ನಮ್ಮೂರಿನವರಿಗೆ ಈ ನಾಯಿಯ ಕಸುಬು ಅರ್ಥವಾಗುವುದು ಕಷ್ಟವಲ್ಲ. ಗಿರಣಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಟೆರಿಯರ್.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಅಗೆಯುವುದು, ಅಟ್ಟಿಸಿಕೊಂಡು ಹೋಗುವುದು, ಬೊಗಳಿ ಕರೆಯುವುದು, ಹಿಡಿದದ್ದನ್ನು ಬಿಡದಿರುವುದು – ಇವೆಲ್ಲ ಅದರ ಕೆಟ್ಟ ಚಾಳಿಗಳಲ್ಲ. ಮನುಷ್ಯರೇ ನೂರಾರು ವರ್ಷ ಆರಿಸಿ ಆರಿಸಿ ಬೆಳೆಸಿದ ಗುಣಗಳು. ಮನೆ ಹುಡುಕುವಾಗ ನಾವು ನೋಡುವುದು ಇಷ್ಟೇ: ಈ ಗುಣಗಳಿಗೆ ಆ ಮನೆಯಲ್ಲಿ ಜಾಗ ಇದೆಯಾ?

ಲಾಸಾ ಆಪ್ಸೊ, ಶಿಟ್ಜು, ಪೊಮೇರಿಯನ್ ಟೆರಿಯರ್‌ಗಳಲ್ಲ. ಅವಕ್ಕೂ ಕಷ್ಟಕ್ಕೆ ಆಗುತ್ತೇವೆ, ಆದರೆ ಅವುಗಳ ಸ್ವಭಾವ ಬೇರೆ.

ಅಷ್ಟು ದುಡ್ಡು ಕೊಟ್ಟು ತಂದ ಜಾತಿ ನಾಯಿನ ಯಾರಾದ್ರೂ ಬಿಡ್ತಾರಾ?

ಬಿಡುತ್ತಾರೆ. ಎಂಟು ವಾರದ ಮರಿ ಅಂಗೈ ಮೇಲೆ ಕೂರುತ್ತದೆ. ಎಂಟು ತಿಂಗಳಿಗೆ ಅದೇ ನಾಯಿ ಸೋಫಾದ ಸ್ಪಂಜು ಹೊರಗೆ ತೆಗೆದು, ಪಕ್ಕದ ಮನೆಯವರ ಕೋಳಿ ಹಿಂದೆ ಬಿದ್ದಿರುತ್ತದೆ. ವರ್ಗಾವಣೆ ಆಗುತ್ತದೆ, ಮನೆಯಲ್ಲಿ ಮಗು ಹುಟ್ಟುತ್ತದೆ, ಬಾಡಿಗೆ ಮನೆಯ ಓನರ್ ಬೇಡ ಅನ್ನುತ್ತಾರೆ. ಚರ್ಮದ ಕಾಯಿಲೆ ಬಂತು ಅಂತ ಬಿಟ್ಟವರೂ ಇದ್ದಾರೆ. ಮರಿ ಹಾಕಿ ಹಾಕಿ ಸವೆದ ಹೆಣ್ಣು ನಾಯಿಗಳನ್ನು ರಾತ್ರಿ ಹೊತ್ತು ಹೈವೇ ಪಕ್ಕ ಇಳಿಸಿ ಹೋಗುವವರಿದ್ದಾರೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಒಂದು ಯಾರ್ಕಿಯ ವಿಷಯ ಹೇಳುತ್ತೇನೆ. ಎಪಿಎಂಸಿ ಕಡೆ ಮೂಟೆಗಳ ಸಂದಿಯಲ್ಲಿ ಕೂತಿತ್ತು. ದೂರದಿಂದ ನೋಡಿದವರು ಹಳೇ ಚಾಪೆ ತುಂಡು ಅಂದುಕೊಂಡಿದ್ದರು. ಕೂದಲು ಜಡೆಗಟ್ಟಿ ಕತ್ತರಿ ಒಳಗೆ ಹೋಗುತ್ತಿರಲಿಲ್ಲ. ಡಾಕ್ಟರ ಟೇಬಲ್ ಮೇಲೆ ಎರಡು ಗಂಟೆ ಕೂತು ಸ್ವಲ್ಪ ಸ್ವಲ್ಪವೇ ಬಿಡಿಸಿದೆವು. ಕತ್ತಿನ ಹತ್ತಿರ ಬಂದಾಗ ಒಂದು ಕೆಂಪು ದಾರ ಸಿಕ್ಕಿತು. ಮರಿ ಇದ್ದಾಗ ದೃಷ್ಟಿ ಆಗಬಾರದು ಅಂತ ಯಾರೋ ಪ್ರೀತಿಯಿಂದ ಕಟ್ಟಿದ್ದು. ನಾಯಿ ಬೆಳೆಯಿತು, ದಾರ ಬೆಳೆಯಲಿಲ್ಲ. ಅದು ಚರ್ಮದೊಳಕ್ಕೆ ಹೂತುಹೋಗಿತ್ತು. ಎಲ್ಲ ತೆಗೆದ ಮೇಲೆ ತೂಗಿದರೆ ಎರಡು ಕೆಜಿಯೂ ಇರಲಿಲ್ಲ. ಈಗ ಅದು ವಿದ್ಯಾನಗರದ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿದೆ. ಕತ್ತಿನ ಸುತ್ತ ಕೂದಲು ಇನ್ನೂ ಪೂರ್ತಿ ಬಂದಿಲ್ಲ.

ಬೀದಿಯಲ್ಲೇ ಇಷ್ಟೊಂದು ನಾಯಿಗಳಿವೆ. ಜಾತಿ ನಾಯಿಗೆ ಯಾಕೆ ಇಷ್ಟು ಒದ್ದಾಟ?

ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಮೂವರ ಮನೆಯಲ್ಲಿ ಬೀದಿಯಿಂದ ಬಂದ ಊರ ನಾಯಿಗಳೇ ಇವೆ. ನೀವು ಊರ ನಾಯಿ ಮರಿ ಸಾಕುತ್ತೇನೆ ಅಂದರೆ ನಮಗೆ ಅಷ್ಟೇ ಸಂತೋಷ. ನಮ್ಮ ಬಿಸಿಲಿಗೆ, ನಮ್ಮ ಊಟಕ್ಕೆ ಅದಕ್ಕಿಂತ ಚೆನ್ನಾಗಿ ಹೊಂದುವ ನಾಯಿ ಇಲ್ಲ.

ಆದರೆ ಮನೆಯೊಳಗೆ ಬೆಳೆದ ಯಾರ್ಕಿಗೆ ಬೀದಿ ಗೊತ್ತಿಲ್ಲ. ಗಾಡಿ ಬಂದರೆ ಸರಿಯಲು ಗೊತ್ತಿಲ್ಲ, ಬೇರೆ ನಾಯಿಗಳ ಏರಿಯಾ ಯಾವುದು ಅಂತ ಗೊತ್ತಿಲ್ಲ. ಒಂದು ವಾರ ಬದುಕಿದರೆ ಹೆಚ್ಚು. ಅಷ್ಟೇ ಅಲ್ಲ, ಜಾತಿ ನಾಯಿ ಅಂತ ಗೊತ್ತಾದರೆ ಎತ್ತಿಕೊಂಡು ಹೋಗಿ ಮರಿ ಹಾಕಿಸಲು ಕಟ್ಟಿಹಾಕುವವರೂ ಇದ್ದಾರೆ. ಅದಕ್ಕೇ ಇವುಗಳಿಗೆ ಬೇಗ ಒಂದು ಸೂರು ಬೇಕು.

ಪ್ಯೂರ್ ತಳಿನಾ? ಪೇಪರ್ ಕೊಡ್ತೀರಾ?

ಪೇಪರ್ ಇರುವುದಿಲ್ಲ. ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ನೋಂದಣಿಯಾದ ನಾಯಿಯೇ ಇದ್ದರೂ, ಬಿಟ್ಟುಹೋಗುವವರು ಕಾಗದ ಬಿಟ್ಟುಹೋಗುವುದಿಲ್ಲ. ನೋಡಿದರೆ ಜ್ಯಾಕ್ ರಸೆಲ್ ಥರ ಇದೆ, ಫಾಕ್ಸ್ ಟೆರಿಯರ್ ಥರ ಇದೆ ಅಂತಷ್ಟೇ ಹೇಳಬಲ್ಲೆವು. ಕೆಲವು ಸಲ ಮೈಕ್ರೋಚಿಪ್ ಇರಬಹುದು ಅಂತ ಸ್ಕ್ಯಾನ್ ಮಾಡಿಸುತ್ತೇವೆ. ಪೇಪರ್ ಮುಖ್ಯ ಅನ್ನುವವರಿಗೆ ನಮ್ಮ ನಾಯಿಗಳು ಹೊಂದುವುದಿಲ್ಲ.

ಎಷ್ಟು ದುಡ್ಡು ಆಗುತ್ತೆ?

ನಾಯಿಗೆ ಬೆಲೆ ಇಲ್ಲ. ಲಸಿಕೆ, ಜಂತಿನ ಔಷಧಿ, ಮಕ್ಕಳಾಗದ ಆಪರೇಷನ್ ಎಲ್ಲ ಮಾಡಿಸಿ ಕೊಡುತ್ತೇವೆ. ಆ ಬಿಲ್ಲುಗಳನ್ನು ನಿಮಗೆ ತೋರಿಸುತ್ತೇವೆ. ಕೈಲಾದರೆ ಅದರಲ್ಲಿ ಒಂದು ಪಾಲು ನೇರವಾಗಿ ಡಾಕ್ಟರಿಗೆ ಕಟ್ಟಿ, ಮುಂದಿನ ನಾಯಿಗೆ ಅನುಕೂಲ. ಆಗದಿದ್ದರೆ ಬೇಡ. ಆದರೆ ಮುಂದಿನ ಹನ್ನೆರಡು ಹದಿಮೂರು ವರ್ಷದ ಖರ್ಚು ನಿಮ್ಮದೇ. ಸಣ್ಣ ಟೆರಿಯರ್‌ಗಳು 13ರಿಂದ 16 ವರ್ಷ ಬದುಕುತ್ತವೆ. ಈಗ ಮೂರನೇ ಕ್ಲಾಸಿನಲ್ಲಿರುವ ನಿಮ್ಮ ಮಗಳು ಡಿಗ್ರಿ ಮುಗಿಸುವವರೆಗೂ ಈ ನಾಯಿ ಇರುತ್ತದೆ ಅಂದುಕೊಳ್ಳಿ.

ಫೋನಲ್ಲೇ ಇಷ್ಟು ಪ್ರಶ್ನೆ, ಆಮೇಲೆ ಮನೆಗೂ ಬರ್ತೀರಿ. ನಮ್ಮ ಮೇಲೆ ನಂಬಿಕೆ ಇಲ್ವಾ?

ನಿಮ್ಮ ಮೇಲೆ ನಂಬಿಕೆ ಇದೆ. ನಿಮ್ಮ ಗೇಟಿನ ಮೇಲೆ ಇಲ್ಲ.

ನಾವು ಕೆಲಸ ಶುರು ಮಾಡಿದ ಮೊದಲ ವರ್ಷ ಗುಂಡ ಅಂತ ಒಂದು ಜ್ಯಾಕ್ ರಸೆಲ್ ಬಂದಿತ್ತು. ನಮ್ಮ ಮನೆಗಳೆಲ್ಲ ತುಂಬಿದ್ದವು. ಒಳ್ಳೆಯ ಜನ ಸಿಕ್ಕರು, ಎರಡೇ ದಿನಕ್ಕೆ ಕೊಟ್ಟುಬಿಟ್ಟೆವು. ಮನೆ ನೋಡಿ ಬರಬೇಕು ಅಂತ ಹೊಳೆಯಲಿಲ್ಲ. ಆ ಮನೆಯ ಗೇಟಿಗೂ ನೆಲಕ್ಕೂ ನಡುವೆ ಒಂದು ಗೇಣು ಸಂದಿ ಇತ್ತು. ಮೂರನೇ ದಿನ ರಸ್ತೆ ಆಚೆ ಅಳಿಲು ಕಂಡಿತು. ಗುಂಡ ಸಂದಿಯಲ್ಲಿ ಮಣ್ಣು ಕೆರೆದು ನುಸುಳಿ ಹೋದ. ಹನ್ನೊಂದು ದಿನ ಹುಡುಕಿದೆವು. ಹದಡಿ ರಸ್ತೆಯಲ್ಲಿ ಒಬ್ಬ ಎಳನೀರು ಮಾರುವ ಅಣ್ಣ ತಮ್ಮ ಗಾಡಿ ಕೆಳಗೆ ಮಲಗಿಸಿಕೊಂಡಿದ್ದರು. ಹಿಂದಿನ ಎಡಗಾಲು ಮುರಿದಿತ್ತು. ತಪ್ಪು ಆ ಮನೆಯವರದ್ದಲ್ಲ, ನಮ್ಮದು.

ಅಂದಿನಿಂದ ಗೇಟಿನ ಸಂದಿಗೆ ಮುಷ್ಟಿ ಇಟ್ಟು ನೋಡುತ್ತೇವೆ. ಮುಷ್ಟಿ ನುಗ್ಗಿದರೆ ಸಣ್ಣ ಟೆರಿಯರ್ ಕೂಡ ಒಂದಲ್ಲ ಒಂದು ದಿನ ನುಗ್ಗುತ್ತದೆ. ಒಂದು ಕಲ್ಲು ಚಪ್ಪಡಿ ಅಥವಾ ಜಾಲರಿ ಹಾಕಿಸಿದರೆ ಸಾಕು, ದೊಡ್ಡ ಖರ್ಚಲ್ಲ. ಕಾಂಪೌಂಡ್ ಎತ್ತರ, ತೆರೆದ ಸಂಪು, ಟೆರೇಸಿನ ಕಟ್ಟೆ ಇವನ್ನೂ ನೋಡುತ್ತೇವೆ. ಮನೆಯವರೆಲ್ಲರ ಜೊತೆ ಮಾತಾಡುತ್ತೇವೆ. ಮುಖ್ಯವಾಗಿ ಹಗಲು ಮನೆಯಲ್ಲಿ ಇರುವವರ ಜೊತೆ. ಎಷ್ಟೋ ಸಲ ಮಗ ಫೋನ್ ಮಾಡಿರುತ್ತಾನೆ, ಸಾಕಬೇಕಾಗಿರುವುದು ಅವರ ಅಮ್ಮ. ಅಮ್ಮ ಬೇಡ ಅಂದರೆ ನಾವು ಚಹಾ ಕುಡಿದು ವಾಪಸ್ ಬರುತ್ತೇವೆ.

ಅಪಾರ್ಟ್‌ಮೆಂಟಿಗೆ, ಬಾಡಿಗೆ ಮನೆಗೆ ಕೊಡ್ತೀರಾ?

ಅಪಾರ್ಟ್‌ಮೆಂಟಿಗೆ ಕೊಡುತ್ತೇವೆ. ದಿನಕ್ಕೆ ಎರಡು ಸಲ ಹೊರಗೆ ಕರೆದುಕೊಂಡು ಹೋಗುವವರು ಇರಬೇಕು. ಯಾರ್ಕಿಗೆ ಒಂದು ಸುತ್ತು ಸಾಕು. ಜ್ಯಾಕ್ ರಸೆಲ್‌ಗೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಕಡ್ಡಾಯ. ಸಾಕುನಾಯಿ ಇಡಲೇಬಾರದು ಅಂತ ನಿವಾಸಿಗಳ ಸಂಘ ನಿಯಮ ಮಾಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹೇಳಿದೆ. ಹಾಗಂತ ಜಗಳಕ್ಕೆ ನಿಲ್ಲಬೇಡಿ. ನಾಯಿ ಬರುವ ಮೊದಲೇ ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿ. ಗಲೀಜು ಎತ್ತಲು ಹಳೇ ಪೇಪರ್ ಜೊತೆಗಿರಲಿ. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ನಾವೇ ಕೇಳಿಕೊಳ್ಳುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ.

ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಆಗುತ್ತಾ?

ಆರೇಳು ವರ್ಷದ ಮೇಲಿನ ಮಕ್ಕಳಿದ್ದರೆ ಚೆನ್ನಾಗಿ ಹೊಂದುತ್ತವೆ. ಅದಕ್ಕಿಂತ ಸಣ್ಣವರಿದ್ದರೆ ನಾವು ತುಂಬಾ ಯೋಚಿಸುತ್ತೇವೆ. ಟೆರಿಯರ್ ತಟ್ಟೆಗೆ ಕೈ ಹಾಕಿದರೆ, ಬಾಲ ಎಳೆದರೆ ಸಹಿಸುವ ನಾಯಿಯಲ್ಲ. ಇನ್ನೊಂದು ಕಡೆ, ಎರಡು ಮೂರು ಕೆಜಿ ತೂಗುವ ಯಾರ್ಕಿ ಮಗುವಿನ ಕೈಯಿಂದ ಜಾರಿ ಬಿದ್ದರೂ ಕಾಲು ಮುರಿಯುತ್ತದೆ. ಆಡುವ ಮಗು ಮತ್ತು ನಾಯಿ ಎರಡನ್ನೇ ಬಿಟ್ಟು ಒಳಗೆ ಹೋಗಬೇಡಿ. ಎಷ್ಟು ಒಳ್ಳೆಯ ನಾಯಿಯಾದರೂ ಸರಿ.

ನಮ್ಮದು ರೈಸ್ ಮಿಲ್. ತೋಟವೂ ಇದೆ. ಇಲಿ ಹಿಡಿಯೋಕೆ ಒಂದು ಕೊಡಿ.

ಈ ಫೋನ್ ನಮಗೆ ತಿಂಗಳಿಗೆ ಒಂದಾದರೂ ಬರುತ್ತದೆ. ಮಂಡಕ್ಕಿ ಭಟ್ಟಿಯವರು ಕೇಳಿದ್ದಾರೆ, ಚನ್ನಗಿರಿ ಕಡೆಯ ಅಡಿಕೆ ತೋಟದವರು ಕೇಳಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ, ಆ ನಾಯಿ ಹುಟ್ಟಿದ್ದೇ ಅದಕ್ಕೆ. ಆದರೂ ನಾವು ಮೊದಲು ಕೇಳುವ ಪ್ರಶ್ನೆ: ಇಲಿ ಪಾಷಾಣ ಇಡ್ತೀರಾ?

ಮಿಲ್ಲಿನಲ್ಲಿ, ತೋಟದಲ್ಲಿ ಇಲಿಗೆ ವಿಷ ಇಡುವುದು ಮಾಮೂಲು. ವಿಷ ತಿಂದ ಇಲಿ ನಿಧಾನವಾಗುತ್ತದೆ. ನಿಧಾನವಾದ ಇಲಿ ನಾಯಿಗೆ ಸುಲಭವಾಗಿ ಸಿಗುತ್ತದೆ. ಕೇಕಿನ ರೂಪದಲ್ಲಿ ಸಿಗುವ ವಿಷಗಳಲ್ಲಿ ಹೆಚ್ಚಿನವು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತವೆ. ತಿಂದ ದಿನ ನಾಯಿ ಆರಾಮಾಗೇ ಇರುತ್ತದೆ. ಮೂರು ನಾಲ್ಕು ದಿನ ಬಿಟ್ಟು ಒಸಡು ಬಿಳಿಚಿ, ಉಸಿರು ಕಟ್ಟಿ, ಮೂಗಿನಲ್ಲಿ ರಕ್ತ ಬರುತ್ತದೆ. ಬೇಗ ಹೋದರೆ ವಿಟಮಿನ್ ಕೆ ಕೊಟ್ಟು ಉಳಿಸಬಹುದು. ಕಪ್ಪು ಪುಡಿ, ಅಂದರೆ ಜಿಂಕ್ ಫಾಸ್ಫೈಡ್, ಹಾಗಲ್ಲ. ಅದು ಗಂಟೆಗಳಲ್ಲೇ ಮುಗಿಸುತ್ತದೆ, ಅದಕ್ಕೆ ಪ್ರತ್ಯೇಕ ಮದ್ದಿಲ್ಲ. ವಿಷ ಇಡುವ ಜಾಗಕ್ಕೆ ನಾಯಿ ಕೊಡುವುದೇ ಇಲ್ಲ.

ಎರಡನೆಯದು ಹಾವು. ಟೆರಿಯರ್ ಹಾವು ಕಂಡರೆ ಹಿಂದೆ ಸರಿಯುವುದಿಲ್ಲ. ಬಿಲಕ್ಕೆ ಮುಖ ಹಾಕುತ್ತದೆ. ನಾಗರಹಾವು, ಮಂಡಲದ ಹಾವು ಇರುವ ತೋಟದಲ್ಲಿ ಇದನ್ನು ಒಂಟಿಯಾಗಿ ಬಿಟ್ಟರೆ ಒಂದು ಮಳೆಗಾಲ ದಾಟುವುದೂ ಕಷ್ಟ. ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ನಾಯಿಯನ್ನು ನಡೆಸದೆ ಎತ್ತಿಕೊಂಡು ನೇರ ಪಶು ಆಸ್ಪತ್ರೆಗೆ ಓಡಿ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಅಂಚಿನ ತೋಟದವರಿಗೆ ಚಿರತೆಯ ಮಾತನ್ನೂ ಹೇಳುತ್ತೇವೆ. ರಾತ್ರಿ ನಾಯಿ ಬಾಗಿಲೊಳಗೆ ಇರಲೇಬೇಕು.

ಮೂರನೆಯದು ಇಲಿ ಜ್ವರ. ಇಲಿಯ ಮೂತ್ರದಿಂದ ಬರುವ ಲೆಪ್ಟೊಸ್ಪೈರೊಸಿಸ್ ನಾಯಿಯ ಕಿಡ್ನಿ, ಲಿವರ್ ಎರಡನ್ನೂ ಹಾಳು ಮಾಡುತ್ತದೆ. ಮನುಷ್ಯರಿಗೂ ಅಂಟುತ್ತದೆ. ಅದರ ಲಸಿಕೆ ಪ್ರತಿ ವರ್ಷ ತಪ್ಪಬಾರದು.

ಇಷ್ಟೆಲ್ಲ ಕೇಳಿಯೂ ಹರಿಹರ ರಸ್ತೆಯ ಒಂದು ಮಿಲ್ಲಿನವರು ವಿಷ ನಿಲ್ಲಿಸಿ, ಬೋನು ಇಟ್ಟು, ನಾಯಿಗೆ ಆಫೀಸ್ ರೂಮಿನಲ್ಲಿ ಹಾಸಿಗೆ ಮಾಡಿದರು. ಅವರಿಗೆ ಒಂದು ಜೋಡಿ ಜ್ಯಾಕ್ ರಸೆಲ್ ಕೊಟ್ಟೆವು. ಸಂಜೆ ಹಮಾಲರ ಜೊತೆ ಅವೂ ಲೆಕ್ಕದ ಟೇಬಲ್ ಹತ್ತಿರ ಬಂದು ಕೂರುತ್ತವಂತೆ. ಅಂಥ ಜಾಗ ಸಿಕ್ಕರೆ ನಮಗಿಂತ ಖುಷಿ ಪಡುವವರು ಯಾರೂ ಇಲ್ಲ.

ಕಾವಲಿಗೆ ಗೇಟಲ್ಲಿ ಕಟ್ಟಿಹಾಕ್ತೀವಿ. ಸಾಕಲ್ವಾ?

ಕೊಡುವುದಿಲ್ಲ. ಕಟ್ಟಿಹಾಕಿದ ಟೆರಿಯರ್ ಕೆಲವೇ ತಿಂಗಳಲ್ಲಿ ತನ್ನ ಬಾಲವನ್ನೇ ಕಚ್ಚಿಕೊಳ್ಳಲು ಶುರು ಮಾಡುತ್ತದೆ. ನೋಡಿದ್ದೇವೆ.

ಒಂದೇ ಒಂದು ಸಲ ಮರಿ ಹಾಕಿಸ್ತೀವಿ, ಆಮೇಲೆ ಆಪರೇಷನ್ ಮಾಡಿಸ್ತೀವಿ.

ಇಲ್ಲ. ಆಪರೇಷನ್ ಆಗದೆ ನಮ್ಮ ಮನೆಯಿಂದ ನಾಯಿ ಹೊರಡುವುದಿಲ್ಲ. ತೀರಾ ಸಣ್ಣ ಮರಿಯಾದರೆ ಮಾತ್ರ ತಕ್ಕ ವಯಸ್ಸಾದ ಮೇಲೆ ಮಾಡಿಸಲು ಬರೆಸಿಕೊಳ್ಳುತ್ತೇವೆ, ನಾವೇ ಜೊತೆಗೆ ಬರುತ್ತೇವೆ. ಹೆಣ್ಣು ನಾಯಿ ಒಂದು ಸಲವಾದರೂ ಹೆತ್ತರೆ ಆರೋಗ್ಯಕ್ಕೆ ಒಳ್ಳೆಯದು ಅನ್ನುವ ಮಾತು ಸುಳ್ಳು. ಆಪರೇಷನ್ ಆಗದ ಹೆಣ್ಣು ನಾಯಿಗಳಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುತ್ತದೆ, ಮೊಲೆಯಲ್ಲಿ ಗಡ್ಡೆ ಬರುತ್ತದೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

ಪಿಟ್‌ಬುಲ್ ಕೂಡ ಟೆರಿಯರ್ ಅಲ್ವಾ? ಅದು ಬ್ಯಾನ್ ಆಗಿದೆಯಂತೆ?

ಹೌದು, ಬಳಗದಲ್ಲಿ ಅದೂ ಒಂದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟ್ಯಾಫರ್ಡ್‌ಶೈರ್ ಟೆರಿಯರ್ ಸೇರಿ 23 ತಳಿಗಳ ಮಾರಾಟ, ಸಾಕಣೆಗೆ ಅನುಮತಿ ಕೊಡಬೇಡಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಅದೇ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದು ಅನ್ನುವುದು ಮುಖ್ಯ ಕಾರಣ.

ಆ ಸುತ್ತೋಲೆಯ ಸುದ್ದಿ ಬಂದ ವಾರ ಹೆದರಿಕೊಂಡು ನಾಯಿ ಬಿಟ್ಟವರಿದ್ದರು. ಇಂಥ ಬಲವಾದ ನಾಯಿಗಳಿಗೆ ನಾವು ಅನುಭವ ಇರುವ ಮನೆಯನ್ನೇ ಹುಡುಕುತ್ತೇವೆ. ಹಿಂದೆ ದೊಡ್ಡ ನಾಯಿ ಸಾಕಿರಬೇಕು, ಹೊರಗೆ ಕರೆದೊಯ್ಯುವಾಗ ಬಾಯಿ ಕುಕ್ಕೆ ಹಾಕಲು ಒಪ್ಪಬೇಕು. ಜಂಬಕ್ಕೆ ಬೇಕು ಅನ್ನುವ ಹುಡುಗರಿಗೆ ಕೊಡುವುದಿಲ್ಲ. ಎಷ್ಟು ತಿಂಗಳು ಕಾದರೂ ಸರಿ. ಬಿಳಿ ಬುಲ್ ಟೆರಿಯರ್‌ಗಳಲ್ಲಿ ಕಿವುಡು ಜಾಸ್ತಿ. ಕರೆದರೆ ತಿರುಗುವುದಿಲ್ಲ ಅಂತ ಹೊಡೆತ ತಿಂದ ಒಂದು ನಾಯಿ ನಮ್ಮಲ್ಲಿಗೆ ಬಂದಿತ್ತು. ಅದಕ್ಕೆ ಕೇಳಿಸುತ್ತಲೇ ಇರಲಿಲ್ಲ. ಕೈಸನ್ನೆ ಕಲಿಸಿದೆವು, ಹತ್ತೇ ದಿನಕ್ಕೆ ‘ಕೂತ್ಕೋ’ ಕಲಿಯಿತು.

ಬೆಕ್ಕಿದೆ, ಕೋಳಿ ಇದೆ, ಇನ್ನೊಂದು ನಾಯಿಯೂ ಇದೆ.

ಕೋಳಿ, ಮೊಲ, ಗಿಣಿ ಇದ್ದರೆ ಬೇಡ. ಬೆಕ್ಕಿದ್ದರೆ ಬೆಕ್ಕಿನ ಜೊತೆ ಬೆಳೆದ ಟೆರಿಯರ್ ಬರುವವರೆಗೆ ಕಾಯಿರಿ. ನಾಯಿ ಇದ್ದರೆ ಆಗಬಹುದು. ಎರಡನ್ನೂ ಕುಂದುವಾಡ ಕೆರೆ ಏರಿಯಂಥ ಬೇರೆ ಜಾಗದಲ್ಲಿ, ಬೆಲ್ಟ್ ಹಾಕಿ, ಅಕ್ಕಪಕ್ಕ ನಡೆಸಿ ಪರಿಚಯ ಮಾಡಿಸುತ್ತೇವೆ. ಮೊದಲ ಭೇಟಿ ನಿಮ್ಮ ಮನೆಯೊಳಗೆ ಬೇಡ, ಅದು ನಿಮ್ಮ ನಾಯಿಯ ಜಾಗ.

ಮನೆಗೆ ಬಂದ ಮೊದಲ ದಿನಗಳು ಹೇಗಿರುತ್ತವೆ?

ಮೊದಲ ಮೂರು ದಿನ ಊಟ ಬಿಡಬಹುದು, ಮಂಚದ ಕೆಳಗೆ ಸೇರಿಕೊಳ್ಳಬಹುದು. ಸುಮ್ನೆ ಬಿಟ್ಟುಬಿಡಿ. ನೆಂಟರನ್ನು ಕರೆದು ತೋರಿಸಬೇಡಿ, ಫೋಟೋಗೆ ಎತ್ತಿಕೊಳ್ಳಬೇಡಿ. ಅದರ ನೀರು, ಹಾಸಿಗೆ ಒಂದೇ ಜಾಗದಲ್ಲಿರಲಿ. ಮೂರು ವಾರದಲ್ಲಿ ನಿಮ್ಮ ಮನೆಯ ಹೊತ್ತು ಗೊತ್ತಾಗುತ್ತದೆ. ಆಗಲೇ ನಿಜವಾದ ಸ್ವಭಾವ ಹೊರಗೆ ಬರುವುದು: ಅಗೆಯುತ್ತದೆ, ಬೊಗಳುತ್ತದೆ, ಚಪ್ಪಲಿ ಕದಿಯುತ್ತದೆ. ಇದು ಕೆಟ್ಟಿತು ಅಂದುಕೊಳ್ಳಬೇಡಿ. ಧೈರ್ಯ ಬಂತು ಅಂತ ಅರ್ಥ. ನಮ್ಮ ಮನೆ ಅನ್ನಿಸಲು ಮೂರು ತಿಂಗಳಾದರೂ ಬೇಕು.

ತುಳಸಿ ಕಟ್ಟೆಯ ಮಣ್ಣೆಲ್ಲ ಅಗೆದುಹಾಕಿದೆ! ಬೊಗಳೋದೂ ನಿಲ್ಲಿಸಲ್ಲ.

ಅಗೆಯಬೇಡ ಅಂದರೆ ನಿಲ್ಲಿಸುವುದಿಲ್ಲ. ಇಲ್ಲಿ ಅಗೆ ಅಂತ ಒಂದು ಜಾಗ ಕೊಡಿ. ಹಿತ್ತಲ ಮೂಲೆಯಲ್ಲಿ ಎರಡು ಬುಟ್ಟಿ ಮರಳು ಹಾಕಿ, ಅದರೊಳಗೆ ಬೇಯಿಸಿದ ಚಿಕನ್ ತುಂಡೋ ಹಳೇ ಚೆಂಡೋ ಹೂತಿಡಿ. ನಾಲ್ಕು ದಿನ ನೀವೇ ಜೊತೆಗೆ ಕೂತು ತೋರಿಸಿ. ಮನೆಯೊಳಗೆ ಆದರೆ ಗೋಣಿಚೀಲದ ಮಡಿಕೆಗಳಲ್ಲಿ ಬಿಸ್ಕತ್ತು ಬಚ್ಚಿಟ್ಟು ಹುಡುಕಲು ಬಿಡಿ. ಇಪ್ಪತ್ತು ನಿಮಿಷ ಮೂಗಿಗೆ ಕೆಲಸ ಕೊಟ್ಟರೆ ಒಂದು ಗಂಟೆ ಮಲಗುತ್ತದೆ. ತುಳಸಿ ಕಟ್ಟೆಯ ಮಣ್ಣಿನ ಮೇಲೆ ಬೆಣಚುಕಲ್ಲು ಹರಡಿ.

ಬೊಗಳುವುದಕ್ಕೆ ಕೂಗಾಡಬೇಡಿ. ನೀವೂ ಜೊತೆಗೆ ಬೊಗಳಿದಿರಿ ಅಂತ ಅದು ತಿಳಿಯುತ್ತದೆ. ಬೀದಿ ಕಾಣುವ ಕಿಟಕಿಗೆ ಪರದೆ ಹಾಕಿದರೇ ಅರ್ಧ ಕಮ್ಮಿಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ. ಸದ್ದೇ ಮಾಡದ ನಾಯಿ ಬೇಕಿದ್ದರೆ ಟೆರಿಯರ್ ಬೇಡ.

ಏನು ತಿನ್ನಿಸಬೇಕು? ಮನೆ ಊಟ ಆಗುತ್ತಾ?

ಆಗುತ್ತದೆ. ಅನ್ನ ಅಥವಾ ರಾಗಿ, ಜೊತೆಗೆ ಬೇಯಿಸಿದ ಮೊಟ್ಟೆ ಅಥವಾ ಚಿಕನ್, ಸ್ವಲ್ಪ ಕುಂಬಳ, ಕ್ಯಾರೆಟ್. ಉಪ್ಪು ಖಾರ ಬೇಡ. ಬೆಂದ ಮೂಳೆ ಬೇಡ, ಚೂಪಾಗಿ ಸೀಳುತ್ತದೆ. ಸಸ್ಯಾಹಾರಿ ಮನೆಯಾದರೆ ಒಳ್ಳೆಯ ರೆಡಿ ಫುಡ್ ಕೊಡಿ, ಬರೀ ಹಾಲು ಅನ್ನ ಸಾಲದು.

ನಮ್ಮೂರಲ್ಲಿ ಎರಡು ವಿಷಯ ಒತ್ತಿ ಹೇಳಬೇಕು. ಬೆಣ್ಣೆ ದೋಸೆಯ ತುಂಡು ಹಾಕಬೇಡಿ. ಜಾಸ್ತಿ ಜಿಡ್ಡು ತಿಂದರೆ ಯಾರ್ಕಿಯಂಥ ಸಣ್ಣ ನಾಯಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ವಾಂತಿ, ಹೊಟ್ಟೆನೋವಿನಿಂದ ಬಿಲ್ಲಿನ ಹಾಗೆ ಬಾಗಿ ನಿಲ್ಲುತ್ತದೆ. ಮಸಾಲೆ ಮಂಡಕ್ಕಿಯೂ ಬೇಡ, ಅದರಲ್ಲಿ ಈರುಳ್ಳಿ ಇರುತ್ತದೆ. ಈರುಳ್ಳಿ ನಾಯಿಯ ರಕ್ತಕಣ ಒಡೆಯುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮೂರೂ ವಿಷ. ಪಾಯಸದ ದ್ರಾಕ್ಷಿಯೂ ಸೇರಿ.

ನಮ್ಮ ಬಿಸಿಲು ತಡೆಯುತ್ತಾ? ಕೂದಲು ಬೋಳಿಸಬೇಕಾ?

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 38, 39 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಏಳರ ಒಳಗೆ, ಸಂಜೆ ಏಳರ ಮೇಲೆ ಓಡಾಡಿಸಿ. ಹೊರಡುವ ಮೊದಲು ರಸ್ತೆ ಮೇಲೆ ಹಿಂಗೈ ಇಟ್ಟು ಏಳು ಎಣಿಸಿ. ನಿಮ್ಮ ಕೈಗೆ ಆಗದಿದ್ದರೆ ಅದರ ಕಾಲಿಗೂ ಆಗದು. ಒರಟು ಕೂದಲಿನ ಟೆರಿಯರ್‌ಗಳನ್ನು ಬೋಳಿಸಬೇಡಿ, ಮೇಲಿನ ಕೂದಲು ಬಿಸಿಲನ್ನೂ ತಡೆಯುತ್ತದೆ. ಬಾಚಿ ಸತ್ತ ಕೂದಲು ತೆಗೆಯಿರಿ. ಯಾರ್ಕಿ ಕೂದಲು ನಮ್ಮ ತಲೆಕೂದಲಿನಂತೆ ಬೆಳೆಯುತ್ತಲೇ ಇರುತ್ತದೆ, ಅದನ್ನು ಗಿಡ್ಡ ಮಾಡಿಸಬಹುದು. ಅದರ ಶ್ವಾಸನಾಳ ಮೆತ್ತಗಿರುತ್ತದೆ, ಹಾಗಾಗಿ ಕತ್ತಿನ ಪಟ್ಟಿಗೆ ಚೈನ್ ಹಾಕಿ ಎಳೆಯಬೇಡಿ. ಎದೆಗೆ ಹಾಕುವ ಬೆಲ್ಟ್ ತನ್ನಿ.

ಬಿಸಿಲಿಗಿಂತ ನನಗೆ ಜಾಸ್ತಿ ಹೆದರಿಕೆ ರಕ್ತ ಹೀರುವ ಉಣ್ಣೆ ಹುಳದ್ದು. ಉಣ್ಣೆ ಕಚ್ಚಿ ಬರುವ ಜ್ವರದಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿಯುತ್ತದೆ. ಊಟ ಬಿಟ್ಟು, ಮೈ ಬಿಸಿಯಾಗಿ, ಒಸಡು ಬಿಳಿಚಿದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರು ಸಾಮಾನ್ಯವಾಗಿ 28 ದಿನ ಮಾತ್ರೆ ಕೊಡುತ್ತಾರೆ. ಎಂಟು ದಿನಕ್ಕೆ ನಾಯಿ ಚುರುಕಾಯಿತು ಅಂತ ನಿಲ್ಲಿಸಿದರೆ ಜ್ವರ ಮರುಕಳಿಸುತ್ತದೆ. ಸ್ನಾನ ಮಾಡಿಸುವಾಗ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಬೆರಳಾಡಿಸಿ ನೋಡಿ.

ದೀಪಾವಳಿ ಪಟಾಕಿ, ಗಣೇಶನ ಡಿಜೆ, ದುಗ್ಗಮ್ಮನ ಜಾತ್ರೆಯ ಡೊಳ್ಳು?

ಮನೆಯ ನಡುವಿನ ಕೋಣೆಯಲ್ಲಿ ಇರಿಸಿ, ಫ್ಯಾನ್ ಜೋರಾಗಿ ಹಾಕಿ, ಜೊತೆಗೆ ಒಬ್ಬರು ಕೂರಿ. ಸಂಜೆಯಾಗುವ ಮೊದಲೇ ಹೊರಗಿನ ಕೆಲಸ ಮುಗಿಸಿಕೊಂಡು ಬನ್ನಿ. ದೀಪಾವಳಿಯ ಮರುದಿನ ನಮಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಹೆದರಿ ಓಡಿಹೋದ ನಾಯಿಗಳದ್ದು. ಕತ್ತಿನ ಪಟ್ಟಿಗೆ ನಿಮ್ಮ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ ಇರಲಿ.

ಕಚ್ಚಿದರೆ?

ಲಸಿಕೆ ಆದ ನಾಯಿಯಾದರೂ ಸರಿ, ಸಣ್ಣ ಗೀರಾದರೂ ಸರಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಡಾಕ್ಟರು ಹೇಳಿದ ದಿನಗಳಿಗೆ ಇಂಜೆಕ್ಷನ್ ತಪ್ಪಿಸಬೇಡಿ. ಆಮೇಲೆ ನಮಗೆ ಫೋನ್ ಮಾಡಿ. ಯಾಕೆ ಕಚ್ಚಿತು ಅಂತ ಕೂತು ಮಾತಾಡೋಣ.

ಹೊಂದಲಿಲ್ಲ ಅಂದ್ರೆ ವಾಪಸ್ ತಗೋತೀರಾ?

ತಗೊಳ್ಳುತ್ತೇವೆ. ಒಂದು ವಾರಕ್ಕಾಗಲಿ, ಐದು ವರ್ಷಕ್ಕಾಗಲಿ. ಏನೂ ಅನ್ನುವುದಿಲ್ಲ. ಬೇರೆಯವರಿಗೆ ಕೊಡಬೇಡಿ, ಬಿಡಬೇಡಿ, ನಮಗೇ ತಂದುಕೊಡಿ. ನಿಮ್ಮ ಹತ್ತಿರ ಬರೆಸಿಕೊಳ್ಳುವ ಕಾಗದದಲ್ಲಿ ಮುಖ್ಯವಾದ ಸಾಲು ಇದೊಂದೇ.

ನಮ್ಮ ನಾಯಿಯನ್ನು ನಾವೇ ಕೊಡಬೇಕಾಗಿದೆ. ನಾಚಿಕೆ ಆಗ್ತಿದೆ.

ನಾಚಿಕೆ ಬೇಡ. ಬೀದಿಗೆ ಬಿಡದೆ ಫೋನ್ ಮಾಡಿದಿರಲ್ಲ, ಅದೇ ದೊಡ್ಡದು. ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 50 ರೂಪಾಯಿ ಮೀರುವುದಿಲ್ಲ, ಹಾಗಾಗಿ ಕಾನೂನಿಗೆ ಹೆದರುವವರು ಕಮ್ಮಿ.

ಮೊದಲು ಸಮಸ್ಯೆ ಏನು ಅಂತ ಹೇಳಿ. ಎಷ್ಟೋ ಸಲ ಗೇಟಿಗೊಂದು ಜಾಲರಿ, ಹಿತ್ತಲಲ್ಲೊಂದು ಮರಳ ಗುಂಡಿ ಮಾಡಿದಾಗ ನಾಯಿ ಅದೇ ಮನೆಯಲ್ಲಿ ಉಳಿದಿದೆ. ಕೊಡಲೇಬೇಕು ಅಂದರೆ ನಿಜ ಹೇಳಿ. ಕಚ್ಚಿದ್ದರೆ ಕಚ್ಚಿದೆ ಅನ್ನಿ. ಫಿಟ್ಸ್ ಬರುತ್ತಿದ್ದರೆ ಅದನ್ನೂ ಹೇಳಿ. ಮುಚ್ಚಿಟ್ಟರೆ ಮುಂದಿನ ಮನೆಯಲ್ಲಿ ಪೆಟ್ಟು ತಿನ್ನುವುದು ಆ ನಾಯಿಯೇ. ಲಸಿಕೆ ಪುಸ್ತಕ, ಅದು ಮಲಗುವ ಬಟ್ಟೆ, ತಿನ್ನುವ ತಟ್ಟೆ ಜೊತೆಗೆ ಕೊಡಿ. ಬಟ್ಟೆ ಒಗೆಯಬೇಡಿ. ನಿಮ್ಮ ಮನೆಯ ವಾಸನೆ ಅದರಲ್ಲಿ ಇರಬೇಕು.

ರಸ್ತೆಯಲ್ಲಿ ಒಂದು ಟೆರಿಯರ್ ಸಿಕ್ಕಿದೆ. ಏನು ಮಾಡಲಿ?

ನೀರು ಕೊಡಿ. ಹಿಡಿಯಲು ಅಟ್ಟಿಸಿಕೊಂಡು ಹೋಗಬೇಡಿ, ಇನ್ನೂ ದೂರ ಓಡುತ್ತದೆ. ನೆಲಕ್ಕೆ ಕೂತು ಬಿಸ್ಕತ್ತು ಎಸೆಯಿರಿ. ಸುತ್ತಮುತ್ತಲ ಅಂಗಡಿಯವರನ್ನು ಕೇಳಿ, ಪೊಲೀಸ್ ಸ್ಟೇಷನ್ನಿಗೆ ಒಂದು ಮಾತು ತಿಳಿಸಿ, ಕಳೆದುಕೊಂಡು ಅಳುತ್ತಿರುವವರೂ ಇರಬಹುದು. ಫೋಟೋ ಹಾಕುವಾಗ ಒಂದು ಗುರುತು ಮುಚ್ಚಿಡಿ, ಹೊಟ್ಟೆಯ ಮೇಲಿನ ಮಚ್ಚೆ ಥರದ್ದು. ನಮ್ಮದು ಅಂತ ಬಂದವರು ಅದನ್ನು ಹೇಳಲಿ.

ನಾಯಿ ಸಾಕಲು ಆಗಲ್ಲ. ಬೇರೆ ಏನಾದ್ರೂ ಮಾಡಬಹುದಾ?

ಎರಡು ವಾರಕ್ಕೆ ಒಂದು ನಾಯಿಗೆ ಜಾಗ ಕೊಟ್ಟರೆ ಸಾಕು. ಸದ್ಯಕ್ಕೆ ನಮ್ಮ ಕೈಕಟ್ಟಿರುವುದು ಜಾಗದ್ದೇ ವಿಷಯ. ಬೆಂಗಳೂರಿನಿಂದ ಬರುವ ನಾಯಿಗಳಿಗೆ 260 ಕಿಲೋಮೀಟರ್ ದಾರಿ. ಕಾರಲ್ಲಿ ಬರುವವರು ಹಿಂದಿನ ಸೀಟಿನಲ್ಲಿ ಒಂದನ್ನು ಕೂರಿಸಿಕೊಂಡು ಬಂದರೂ ಉಪಕಾರ. ಹಳೇ ಬೆಡ್‌ಶೀಟ್, ಗೋಣಿಚೀಲ ಯಾವಾಗಲೂ ಬೇಕು.

ಈಗ ಯಾವ ನಾಯಿ ಇದೆ?

ಚುಕ್ಕಿ ಇದ್ದಾಳೆ. ಜ್ಯಾಕ್ ರಸೆಲ್, ಎಂಟು ವರ್ಷದ ಆಸುಪಾಸು, ಆರು ಕೆಜಿ. ಬಲಗಣ್ಣಿಲ್ಲ. ಟೆರಿಯರ್‌ಗಳಲ್ಲಿ ಕಣ್ಣಿನ ಮಸೂರ ಜಾಗ ಬಿಟ್ಟು ಸರಿಯುವ ಕಾಯಿಲೆ ಇದೆ. ತಡವಾಗಿ ಬಂದಿದ್ದರಿಂದ ಆ ಕಣ್ಣು ತೆಗೆಯಬೇಕಾಯಿತು. ಇನ್ನೊಂದಕ್ಕೆ ದಿನಕ್ಕೆ ಎರಡು ಸಲ ಹನಿ ಹಾಕಬೇಕು. ಹಾಕುವಾಗ ತಾನೇ ಬಂದು ಗಲ್ಲ ನಿಮ್ಮ ಮಂಡಿ ಮೇಲಿಡುತ್ತಾಳೆ. ನಾಲ್ಕು ತಿಂಗಳಿಂದ ನಮ್ಮಲ್ಲಿದ್ದಾಳೆ. ಮರಿ ಬೇಕು ಅಂತ ಬಂದವರು ಅವಳನ್ನು ಸವರಿ ಹೋಗುತ್ತಾರೆ. ಮೆಟ್ಟಿಲು ಕಮ್ಮಿ ಇರುವ, ಹಗಲು ಯಾರಾದರೂ ಇರುವ ಮನೆ ಬೇಕು. ಬಲಗಡೆಯಿಂದ ಮುಟ್ಟಬೇಡಿ, ಬೆಚ್ಚುತ್ತಾಳೆ. ಮೊದಲು ಹೆಸರು ಕರೆಯಿರಿ. ನೋಡಲು ಸಂಜೆ ಐದರ ಮೇಲೆ ಬನ್ನಿ, ಮಧ್ಯಾಹ್ನ ಮಲಗಿರುತ್ತಾಳೆ.